ನಮ್ಮ ಜರ್ಮನ್ ಕ್ಲಾಸಿನ ನಿಕೊಲಾಸ್ ಸಂಜೆ

ಎ1 ಅಂದರೆ ಮೊದಲ ಹಂತದ ಜರ್ಮನ್ ಕ್ಲಾಸಿಗೆ ಸೇರಿ ಮೂರು ತಿಂಗಳಾಗಿತ್ತು. ಡಿಸೆಂಬರ್ 6ರಂದು ಪಾಠ ಇಲ್ಲ, ಸಂತ ನಿಕೊಲಾಸ್ ಹಬ್ಬ ಇದೆ, ಎಲ್ಲರೂ ಒಂದು ಬೂಟು ತನ್ನಿ ಅಂದರು ಟೀಚರ್. ಸುಮ್ನೆ ಕೇಕ್ ತಿಂದು ಬರೋದು ಅಂದುಕೊಂಡಿದ್ದೆ.

ಜರ್ಮನಿಯಲ್ಲಿ ಮಕ್ಕಳು 5ರ ರಾತ್ರಿ ಬೂಟು ಒರೆಸಿ ಬಾಗಿಲ ಬಳಿ ಇಡುತ್ತಾರೆ. ಬೆಳಿಗ್ಗೆ ಅದರಲ್ಲಿ ಅಕ್ರೋಟು, ಕಿತ್ತಳೆ, ಚಾಕೊಲೇಟು ಇರುತ್ತವೆ. ನಮಗೆ ಮಾತ್ರ ಒಂದು ಷರತ್ತು ಹಾಕಿದ್ದರು. ಈ ವರ್ಷ ಮಾಡಿದ ಒಂದು ಒಳ್ಳೆ ಕೆಲಸವನ್ನು ಜರ್ಮನ್‌ನಲ್ಲೇ ಹೇಳಬೇಕು. ನಾನು ಅಮ್ಮನಿಗೆ ಸಹಾಯ ಮಾಡಿದೆ ಅನ್ನೋಕೆ ಹೊರಟು 'ಮೈನೆ ಮುಟ್ಟರ್' ಅಂದೆ. ಟೀಚರ್ ಮೆಲ್ಲಗೆ 'ಮೈನರ್' ಅಂತ ತಿದ್ದಿದರು. 'ಹೆಲ್ಫೆನ್' (ಸಹಾಯ ಮಾಡು) ಜೊತೆ ಡೇಟಿವ್, ಅಂದರೆ ನಮ್ಮ 'ಗೆ' ಪ್ರತ್ಯಯದ ಚತುರ್ಥಿ ವಿಭಕ್ತಿ ಬರಬೇಕು. ಕನ್ನಡದಲ್ಲೂ ಅಮ್ಮನಿಗೇ ತಾನೆ ಸಹಾಯ ಮಾಡೋದು! ವಾರಗಟ್ಟಲೆ ಪುಸ್ತಕ ಓದಿದರೂ ತಲೆಗೆ ಹತ್ತದ್ದು ಆ ಕ್ಷಣದಲ್ಲಿ ಹತ್ತಿತು. ಕೈಯಲ್ಲಿ ಬೂಟು ಹಿಡಿದು ಕಲಿತದ್ದು ಮರೆಯುತ್ತಾ?

ಮೇಜಿನ ಮೇಲೆ ನಾಲ್ಕು ಮೇಣದಬತ್ತಿಯ ಅಡ್ವೆಂಟ್ ಹಾರ ಇತ್ತು. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳಿಗೆ ಒಂದೊಂದು. 1839ರಲ್ಲಿ ಹ್ಯಾಂಬರ್ಗ್‌ನಲ್ಲಿ ಯೋಹಾನ್ ವಿಖರ್ನ್ ಅನ್ನೋ ಪಾದ್ರಿ, ತಾವು ಸಾಕುತ್ತಿದ್ದ ಬಡ ಮಕ್ಕಳು ದಿನ ಎಣಿಸಲಿ ಅಂತ ಗಾಡಿ ಚಕ್ರದ ಮೇಲೆ ಮೇಣದಬತ್ತಿ ಇಟ್ಟಿದ್ದರಂತೆ. ಈ ಕಥೆ ನನಗೆ ತುಂಬಾ ಹಿಡಿಸಿತು.

ಒಂದೇ ಬೇಜಾರು. ಎರಡು ಬ್ಯಾಚ್ ಸೇರಿಸಿ 26 ಜನರನ್ನು ಒಂದೇ ಕೋಣೆಯಲ್ಲಿ ಕೂರಿಸಿದ್ದರು. ಒಂದೂವರೆ ಗಂಟೆ ಮುಗಿದಾಗ ಹಿಂದಿನ ಸಾಲಿನ ಆರು ಜನರಿಗೆ ಮಾತಾಡೋ ಸರದಿಯೇ ಬರಲಿಲ್ಲ. ಜಾಸ್ತಿ ನಾಚುವವರು ಅವರೇ, ಅಲ್ವಾ? ಮುಂದಿನ ಸಲ ಬ್ಯಾಚ್‌ಗಳನ್ನು ಬೇರೆ ಮಾಡಲಿ. ನಾನಂತೂ ಎ2ಗೂ ಇಲ್ಲೇ ಹೆಸರು ಕೊಟ್ಟಿದ್ದೇನೆ.