ಹಳೇ ಸ್ಪೆಕ್ಟ್ರಮ್‌ಗೆ ಡಿವ್‌ಎಂಎಂಸಿ ಕಾರ್ಡು: ಕಾರ್ಡ್ ಸೂಪರ್ರು, ಆದ್ರೆ ಮೊದ್ಲು ಮಷೀನ್ ನೋಡ್ಕೊಳಿ

ಗೊತ್ತಿಲ್ದೋರಿಗೆ ಮೊದ್ಲೇ ಹೇಳ್ಬಿಡ್ತೀನಿ, ಸಿಂಕ್ಲೇರ್ ಝಡ್‌ಎಕ್ಸ್ ಸ್ಪೆಕ್ಟ್ರಮ್ ಅಂತ 1982ರ ಕಂಪ್ಯೂಟ್ರು, ಅದ್ರ ಬೆನ್ನಲ್ಲಿ ಒಂದು ಎಡ್ಜ್ ಕನೆಕ್ಟರ್ (ಬೋರ್ಡಿನ ಅಂಚಲ್ಲಿರೋ ಲೋಹದ ಪಟ್ಟಿಗಳ ಸಾಲು) ಇರುತ್ತೆ, ಅದಕ್ಕೆ ಸಿಗಿಸೋ ಬೋರ್ಡೇ ಈ ಡಿವ್‌ಎಂಎಂಸಿ. ಎಸ್‌ಡಿ ಕಾರ್ಡ್ ಹಾಕಿದ್ರೆ ಕ್ಯಾಸೆಟ್ ಬೇಕಾಗಿಲ್ಲ. ನಮ್ಮ ಹತ್ರ ಇರೋದು ಡೆಸಿಬೆಲ್ಸ್ ಅನ್ನೋ ಕಂಪನಿಯೋರು ಲೈಸೆನ್ಸ್ ತಗೊಂಡು ಇಂಡಿಯಾದಲ್ಲಿ ಮಾರ್ತಿದ್ದ ಸ್ಪೆಕ್ಟ್ರಮ್ ಪ್ಲಸ್, ಸರಸ್ವತಿಪುರಂನಲ್ಲಿ ಸೋದರಮಾವನ ಮನೆ ಅಟ್ಟದ ಮೇಲೆ ಬಿದ್ದಿತ್ತು, ಕ್ಯಾಸೆಟ್‌ಗಳಿಗೆಲ್ಲ ಬೂಷ್ಟು ಹಿಡ್ದಿತ್ತು, ಹಂಗಾಗಿ ಈ ಕಾರ್ಡ್ ತರ್ಸಿದ್ದು.

ಕೆಲಸ ಮಾಡೋ ರೀತಿ ಮಾತ್ರ ಮಜವಾಗಿದೆ. ಒಳಗಿರೋ ಝಡ್80 ಪ್ರೊಸೆಸರ್ ಚಿಪ್ಪು ರಾಮ್... ಅಲ್ಲ, ರೋಮ್‌ನಲ್ಲಿ (ಫ್ಯಾಕ್ಟರೀಲೇ ಪ್ರೋಗ್ರಾಂ ಬರೆದಿಟ್ಟ ಮೆಮೊರಿ) ಟೇಪ್ ಓದೋ ಜಾಗಕ್ಕೆ ಬಂದು 0562 ಹೆಕ್ಸ್ ಅಡ್ರೆಸ್‌ನಿಂದ ಇನ್‌ಸ್ಟ್ರಕ್ಷನ್ ಎತ್ಕೊಳೋ ಟೈಮಿಗೆ ಈ ಬೋರ್ಡು ಸರಕ್ ಅಂತ ತನ್ನ ರೋಮ್ ಮುಂದಿಟ್ಬಿಡುತ್ತೆ, ಕಂಪ್ಯೂಟ್ರಿಗೆ ಗೊತ್ತೇ ಆಗಲ್ಲ, ಟೇಪ್ ಓದ್ತಿದೀನಿ ಅಂದ್ಕೊಂಡು ಎಸ್‌ಡಿ ಕಾರ್ಡಿಂದ ಓದ್ತಿರುತ್ತೆ. ಬೋರ್ಡ್ ಮೇಲೆ ಒಂದು ಎನ್‌ಎಂಐ ಬಟನ್ (ನಡೀತಿರೋ ಕೆಲಸಾನ ಮಧ್ಯದಲ್ಲೇ ತಡೆಯೋದು) ಇದೆ, ಒತ್ತಿದ್ರೆ ಫೈಲ್ ಲಿಸ್ಟ್ ಬರುತ್ತೆ, ಬೇಕಾದ್ದು ಆರಿಸ್ಕೊಂಡು ಎಂಟರ್ ಕೊಟ್ರೆ ಆಯ್ತು. ಕ್ಯಾಸೆಟ್ಟಲ್ಲಿ 48ಕೆ ಗೇಮ್ ಲೋಡ್ ಆಗೋಕೆ ಸುಮಾರು 5 ನಿಮಿಷ ಕೀಂಯ್ ಅಂತ ಕೂಗ್ತಿತ್ತಲ್ಲ, ಈಗ ಕಣ್ಣು ಮಿಟುಕ್ಸೋದ್ರೊಳಗೆ.

ಆದ್ರೆ ಕಾರ್ಡ್ ಬಂತು ಅಂತ ಕುಣ್ಕೊಂಡು ಹೋಗಿ ಸಿಗಿಸ್ಬೇಡಿ ಗುರೂ. ಮೊದ್ಲು ಅಡಾಪ್ಟರ್. ಸ್ಪೆಕ್ಟ್ರಮ್‌ಗೆ ಬೇಕಾಗಿರೋದು 9 ವೋಲ್ಟು, ಒರಿಜಿನಲ್ಲು 1.4 ಆಂಪ್ಸು, ಪಿನ್ನಿನ ಮಧ್ಯದಲ್ಲಿ ಮೈನಸ್ಸು. ಅಂಗಡೀಲಿ ಕೇಳಿದ್ ತಕ್ಷಣ ಕೊಡೋ ಅಡಾಪ್ಟರ್‌ಗಳಲ್ಲಿ ಸಾಮಾನ್ಯವಾಗಿ ಮಧ್ಯದಲ್ಲಿ ಪ್ಲಸ್ ಇರುತ್ತೆ, ಉಲ್ಟಾ ಹಾಕಿದ್ರೆ ಕಥೆ ಮುಗೀತು. ಆಮೇಲೆ ಒಳಗಿನ ಕೆಪಾಸಿಟರ್‌ಗಳು, ಅವಕ್ಕೂ ವಯಸ್ಸಾಗಿರುತ್ತೆ. ಮಷೀನನ್ನ ಮಂಡ್ಯದಲ್ಲಿ ನಮಗೆ ಗೊತ್ತಿರೋ ಟಿವಿ ರಿಪೇರಿಯೋರ ಹತ್ರ ತಗೊಂಡೋದೆ. ತಿರುಗ್ಸಿ ಮುರುಗ್ಸಿ ನೋಡಿ "ಏನ್ ಸಾ ಇದು, ಕೀಬೋರ್ಡಾ?" ಅಂದ್ರು. ಕಂಪ್ಯೂಟ್ರು ಅಣ್ಣ ಅಂದೆ. "ಮಿಕ್ಕಿದ್ದೆಲ್ಲೈತೆ ಮತ್ತೆ?" ಬಿಚ್ಚಿ ತೋರ್ಸಿದ್ಮೇಲೆ ಮಾತ್ರ ಏನೂ ಹೇಳ್ಕೊಡೋ ಹಂಗೇ ಇರ್ಲಿಲ್ಲ, 5 ವೋಲ್ಟಿಗೆ ಇಳಿಸೋ 7805 ರೆಗ್ಯುಲೇಟರ್ ನೋಡಿ ಹಳೇ ಸ್ನೇಹಿತ ಸಿಕ್ಕಂಗೆ ಮಾತಾಡ್ಸಿದ್ರು, ಕೆಪಾಸಿಟರ್ ಎಲ್ಲ ಬದಲಾಯ್ಸಿ, ಟಿವಿ ಆಂಟೆನಾ ಪಿನ್ನಿಗೆ ಸಿಗ್ನಲ್ ಕೊಡೋ ಮಾಡ್ಯುಲೇಟರ್ ಬೈಪಾಸ್ ಮಾಡಿ ಟಿವಿಯ ಹಳದಿ ಎವಿ ಪಿನ್ನಿಗೆ ನೇರ ವಿಡಿಯೋ ಬರೋ ಹಂಗೆ ಮಾಡ್ಕೊಟ್ರು. ತಗೊಂಡಿದ್ದು ಕಾರ್ಡಿನ ರೇಟ್ ಮುಂದೆ ಏನೇನೂ ಅಲ್ಲ.

ಕಾರ್ಡ್ ಬಗ್ಗೆ ನನ್ನ ತಕರಾರು ಒಂದೇ, ಆದ್ರೆ ದೊಡ್ಡದು. ಸ್ಪೆಕ್ಟ್ರಮ್ ಎಡ್ಜಲ್ಲಿ ಒಂದು ಕಡೆ ಕಚ್ಚು ಕೊಟ್ಟಿರ್ತಾರೆ, ಕನೆಕ್ಟರ್ ಒಳಗೆ ಅದಕ್ಕೆ ಸರಿಯಾಗಿ ಒಂದು ತಡೆ ಇರ್ಬೇಕು, ಆಗ ಆಚೀಚೆ ಜರುಗಲ್ಲ. ನನಗೆ ಬಂದ ಕಾರ್ಡಲ್ಲಿ ಅದೇ ಇಲ್ಲ! ಮಾರಿದೋರಿಗೆ ಮೆಸೇಜ್ ಹಾಕಿದ್ರೆ ಉತ್ತರಾನೂ ಇಲ್ಲ. ಇದ್ಯಾಕೆ ಇಷ್ಟು ತಲೆ ಕೆಡಿಸ್ಕೋಬೇಕು ಅಂದ್ರೆ ಆ ಎಡ್ಜಲ್ಲಿ 5 ವೋಲ್ಟ್ ಒಂದೇ ಅಲ್ಲ, 9, 12, ಮೈನಸ್ 5 ಎಲ್ಲ ಹರೀತಿರುತ್ತೆ, ಆನ್ ಆಗಿದ್ದಾಗ ಬೋರ್ಡು ಒಂಚೂರು ಅಲ್ಲಾಡಿ ಪಕ್ಕದ ಪಟ್ಟಿಗೆ ತಾಗಿದ್ರೆ ಮೊದ್ಲು ಹೋಗೋದು ಟಿಆರ್4 ಅನ್ನೋ ಟ್ರಾನ್ಸಿಸ್ಟರ್ರು, ಅದ್ರ ಹಿಂದೆ 4116 ಮೆಮೊರಿ ಚಿಪ್ಪುಗಳು. ನಾನು ತೆಳ್ಳಗಿನ ಪ್ಲಾಸ್ಟಿಕ್ ತುಂಡು ಕತ್ತರ್ಸಿ ಆ ಜಾಗಕ್ಕೆ ತುರುಕಿದೀನಿ, ಬೋರ್ಡ್ ಕೆಳಗೆ ಎರೇಸರ್ ಇಟ್ಟಿದೀನಿ, ಈಗ ಅಲ್ಲಾಡಲ್ಲ. ಎಡ್ಜನ್ನ ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಬಟ್ಟೆ ಅದ್ದಿ ಒರ್ಸಿ, ಬಟ್ಟೆ ಕರ್ರಗಾಗೋದು ನಿಂತ್ಮೇಲೆ ಸಿಗಿಸಿ. ಉಪ್ಪುಕಾಗದ ಹಾಕಿ ಉಜ್ಬೇಡಿ ದಯವಿಟ್ಟು.

ಈ ಬೋರ್ಡ್ ನಡೆಸೋ ಸಾಫ್ಟ್‌ವೇರ್ ಹೆಸ್ರು ಇಎಸ್‌ಎಕ್ಸ್‌ಡಾಸ್. ಎಸ್‌ಡಿ ಕಾರ್ಡನ್ನ ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ ಅದ್ರ ಬಿನ್, ಸಿಸ್ ಫೋಲ್ಡರ್ ಕಾಪಿ ಮಾಡಿ ಅಷ್ಟೇ, ಬೋರ್ಡಲ್ಲಿರೋ ವರ್ಷನ್ನೂ ಎಸ್‌ಡಿ ಕಾರ್ಡಲ್ಲಿರೋ ವರ್ಷನ್ನೂ ಒಂದೇ ಇರ್ಬೇಕು. ಜಾಯ್‌ಸ್ಟಿಕ್ ಪೋರ್ಟೂ ಕೊಟ್ಟಿದಾರೆ, ಆ ಕಾಲದ ಕೆಂಪ್‌ಸ್ಟನ್ ಕಂಪನಿ ಥರದ್ದು, ನನ್ನ ಹತ್ರ ಜಾಯ್‌ಸ್ಟಿಕ್ ಇಲ್ಲ, ಅದ್ರ ಬಗ್ಗೆ ಏನೂ ಹೇಳಲ್ಲ.

ಬರೀ ಗೇಮ್ ಆಡ್ಬೇಕು ಅನ್ನೋರು ಫೋನಲ್ಲಿ ಎಮ್ಯುಲೇಟರ್ (ಸ್ಪೆಕ್ಟ್ರಮ್ ಥರಾನೇ ನಡೆಯೋ ಆಪ್) ಹಾಕ್ಕೊಳಿ, ಫ್ರೀ. ಮನೇಲಿ ಮಷೀನ್ ಇದ್ದು, ಅದು ಕಾರ್ಡಿಲ್ದೇನೂ ಆನ್ ಮಾಡಿದ್ ತಕ್ಷಣ ಕಾಣೋ ಕಾಪಿರೈಟ್ ಸ್ಕ್ರೀನ್ ತನಕ ಸರಿಯಾಗಿ ಬರ್ತಿದೆ ಅಂದ್ರೆ ಮಾತ್ರ ತಗೊಳಿ, 5ಕ್ಕೆ 4 ಕೊಡ್ತೀನಿ, ಆ ತಡೆ ಇದ್ದಿದ್ರೆ ಪೂರ್ತಿ ಕೊಡ್ತಿದ್ದೆ. ಹಾಂ, ಸಿಗಿಸೋವಾಗ್ಲೂ ತೆಗೆಯೋವಾಗ್ಲೂ ಪವರ್ ವೈರ್ ಕಿತ್ತಿಟ್ಟೇ ಮುಟ್ಟಿ, ಇದ್ರಲ್ಲಿ ಸ್ವಿಚ್ಚೇ ಇಲ್ಲ.