ಜಾರ್ಜ್‌ಟೌನಿನ ಕಮಾನು ಜಗಲಿಯ ಮನೆಗಳಿಗೆ ಯಾವ ಗಾರೆ?

ಮಲೇಷ್ಯಾದ ಪೆನಾಂಗಿನ ಜಾರ್ಜ್‌ಟೌನ್ 2008ರಿಂದ ವಿಶ್ವ ಪರಂಪರೆಯ ತಾಣ. ಅಲ್ಲಿನ ಕಮಾನು ಜಗಲಿಯ ಹಳೆಯ ಮನೆಗಳ ಗೋಡೆ ಮೆದು ಇಟ್ಟಿಗೆಯದು. ಹಾಗಾಗಿ ಮೊದಲು ತೇವದ ಲೆಕ್ಕ ಹಾಕಿ. ನೆಲದಿಂದ ಏರುವ ಉಪ್ಪುನೀರು ಸುಣ್ಣದ ಗಾರೆಯ ಮೂಲಕ ಆವಿಯಾಗಿ ಹೋಗುತ್ತದೆ. ಸಿಮೆಂಟ್ ಅದನ್ನು ಒಳಗೇ ತಡೆಯುತ್ತದೆ. ಉಪ್ಪು ಹರಳುಗಟ್ಟಿ ಇಟ್ಟಿಗೆಯೇ ಪುಡಿಯಾಗುತ್ತದೆ.

ಕೆಲಸ ಬೇಗ ಮುಗಿಯುವುದು ಸಿಮೆಂಟಿನಲ್ಲೇ. ಸುಣ್ಣಕ್ಕೆ ಒಂದು ಪಾಲಿಗೆ ಮೂರು ಪಾಲು ಮರಳು, 10 ಮಿ.ಮೀ. ದಾಟದ ಪದರಗಳು, ದಿನಗಟ್ಟಲೆ ಒದ್ದೆ ಗೋಣಿಯ ಹೊದಿಕೆ ಬೇಕು. ಅವಸರಪಟ್ಟರೆ ಬಿರುಕು ಖಂಡಿತ. ಕೈಪಳಗಿದ ಗಾರೆಯವರೂ ಬೇಕು, ಕೂಲಿ ಹೆಚ್ಚು.

ಹಿಂಬದಿಯ ಹೊಸ ಕಾಂಕ್ರೀಟ್ ಬಚ್ಚಲಿಗೆ ಸಿಮೆಂಟೇ ಸರಿ. ಮಳೆ ಬಡಿಯುವ ಕಂಬದ ಬುಡಕ್ಕೆ ಒದ್ದೆಯಲ್ಲೂ ಗಟ್ಟಿಯಾಗುವ ಹೈಡ್ರಾಲಿಕ್ ಸುಣ್ಣ ಹೊಂದುತ್ತದೆ. ಹಳೆಯ ಗೋಡೆಗೆ ಸುಣ್ಣದ ಗಾರೆ, ಮೇಲೆ ಸುಣ್ಣದ ಬಣ್ಣ ಮಾತ್ರ. ಪ್ಲಾಸ್ಟಿಕ್ ಪೇಂಟ್ ಬಳಿದರೆ ತೇವ ಮತ್ತೆ ಒಳಗೇ ಸಿಕ್ಕಿಕೊಳ್ಳುತ್ತದೆ.