ಬ್ಯಾಟರಿ ಲಾನ್ ಮೂವರ್: ಸದ್ದಿಲ್ಲ ಅನ್ನೋದೇ ಸುಖ, ತಲೆನೋವೂ ಅದೇ

ಹುಲ್ಲು ಕತ್ತರಿಸುವ ಈ ಬ್ಯಾಟರಿ ಮಷೀನಿನ ವೋಲ್ಟ್ ಎಷ್ಟು, ಬ್ಲೇಡ್ ಎಷ್ಟು ಅಗಲ ಅನ್ನುವುದೆಲ್ಲ ಡಬ್ಬದ ಮೇಲೇ ಇದೆ, ಮತ್ತೆ ಬರೆಯುವುದಿಲ್ಲ. ಒಂದು ಮಾತು ಮಾತ್ರ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ 40 ವೋಲ್ಟ್ ಅಂತಿದ್ದು, ಬ್ಯಾಟರಿಯ ಮೇಲೆ ಸಣ್ಣದಾಗಿ 36 ಅಂತಿದ್ದರೆ ಮೋಸ ಹೋದೆವು ಅಂದುಕೊಳ್ಳಬೇಡಿ. ಪೂರ್ತಿ ಚಾರ್ಜ್ ಆದಾಗಿನ ಲೆಕ್ಕ ಮೊದಲನೆಯದು, ಕೆಲಸ ಮಾಡುವಾಗ ಸರಾಸರಿ ಸಿಗುವುದು ಎರಡನೆಯದು. ಬ್ಯಾಟರಿ ಒಂದೇ.

ಮೊದಲು ನನ್ನ ಹತ್ತಿರ ಪೆಟ್ರೋಲ್ ಮಷೀನ್ ಇತ್ತು. ಹಗ್ಗ ಎಳೆದೂ ಎಳೆದೂ ಭುಜ ನೋವು, ಕೈಯೆಲ್ಲ ಆಯಿಲ್. ಇದರಲ್ಲಿ ಬಟನ್ ಒತ್ತಿ ಹಿಡಿದು ಲಿವರ್ ಎಳೆದರೆ ಮುಗಿಯಿತು. ಸದ್ದು ಎಷ್ಟು ಕಡಿಮೆ ಅಂದರೆ ಪಕ್ಕದಲ್ಲಿ ಯಾರಾದರೂ ಮಾತಾಡಿದರೂ ಕೇಳಿಸುತ್ತದೆ. ಹುಲ್ಲು ದಟ್ಟವಾಗಿರುವ ಕಡೆ ಮೋಟರಿನ ದನಿ ಬದಲಾಗುತ್ತದೆ. ಅದನ್ನು ಕೇಳಿಯೇ ನಡಿಗೆ ನಿಧಾನ ಮಾಡುವುದು ಅಭ್ಯಾಸವಾಗಿಬಿಟ್ಟಿದೆ. ಒಣ ಕಡ್ಡಿ ಸಿಕ್ಕಿದರೂ ತಕ್ಷಣ ಗೊತ್ತಾಗುತ್ತದೆ. ಹುಲ್ಲು ಕತ್ತರಿಸುವುದು ಇಷ್ಟು ಹಿತವಾದ ಕೆಲಸ ಅಂತ ನನಗೆ ಗೊತ್ತೇ ಇರಲಿಲ್ಲ.

ಆದರೆ ಬಳಸುತ್ತಾ ಹೋದ ಹಾಗೆ ಈ ಹಿತದ ಇನ್ನೊಂದು ಮುಖವೂ ಕಂಡಿತು. ಪೆಟ್ರೋಲ್ ಮಷೀನ್ ಶುರುವಾದರೆ ಮಕ್ಕಳು, ನಾಯಿ ಎಲ್ಲ ತಾವಾಗಿಯೇ ದೂರ ಹೋಗುತ್ತಿದ್ದರು. ಈಗ ಅಕ್ಕನ ಮಗ ಏನೋ ಕೇಳಬೇಕು ಅಂತ ನೇರ ನನ್ನ ಬೆನ್ನ ಹಿಂದೆಯೇ ಬಂದು ನಿಲ್ಲುತ್ತಾನೆ. ಹೆದರಿಸುವ ಸದ್ದೇ ಇಲ್ಲವಲ್ಲ! 40 ಸೆಂಟಿಮೀಟರ್ ಬ್ಲೇಡ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಅದರ ತುದಿ ಗಂಟೆಗೆ 220 ಕಿಲೋಮೀಟರಿಗೂ ಜಾಸ್ತಿ ವೇಗದಲ್ಲಿರುತ್ತದೆ. ಸಣ್ಣ ಕಲ್ಲೊಂದು ತಗುಲಿ ಹಾರಿದರೆ ಏನಾಗಬಹುದು, ನೀವೇ ಯೋಚಿಸಿ. ಹಾಗಾಗಿ ನಮ್ಮಲ್ಲಿ ಒಂದು ನಿಯಮವಿದೆ: ನಾನು ಹ್ಯಾಂಡಲ್ ಹಿಡಿದಿದ್ದರೆ ಯಾರೂ ಲಾನಿಗೆ ಕಾಲಿಡುವಂತಿಲ್ಲ. ಯಾರಾದರೂ ಕರೆದರೆ ಮೊದಲು ಲಿವರ್ ಬಿಡುತ್ತೇನೆ, ಆಮೇಲೆ ತಿರುಗುತ್ತೇನೆ.

ಶುರು ಮಾಡುವ ಮೊದಲು ಇಡೀ ಜಾಗ ಒಂದು ಸುತ್ತು ನಡೆಯುತ್ತೇನೆ. ಕಲ್ಲು, ಕಡ್ಡಿ, ತಂತಿ ತುಂಡು, ನೀರಿನ ಪೈಪಿನ ಮೂತಿ, ನಾಯಿ ಅರ್ಧ ಅಗಿದು ಬಿಟ್ಟ ಆಟಿಕೆ. ದಿನಾ ಓಡಾಡುವ ಜಾಗವೇ ಆದರೂ ಏನಾದರೂ ಸಿಕ್ಕೇ ಸಿಗುತ್ತದೆ. ಬೆರಳು ಮುಚ್ಚುವ ಗಟ್ಟಿ ಶೂ, ಉದ್ದ ಪ್ಯಾಂಟ್, ಕಣ್ಣಿಗೆ ಕನ್ನಡಕ. ಚಪ್ಪಲಿಯಲ್ಲಂತೂ ಬೇಡವೇ ಬೇಡ.

ಈಗ ಕೀ ವಿಷಯಕ್ಕೆ ಬರುತ್ತೇನೆ. ನಿಜ ಹೇಳಬೇಕೆಂದರೆ ಈ ವಿಮರ್ಶೆ ಬರೆಯಲು ಕೂತಿದ್ದೇ ಅದಕ್ಕಾಗಿ.

ಬ್ಯಾಟರಿ ಹಾಕುವ ಮುಚ್ಚಳದ ಒಳಗೆ ಹೆಬ್ಬೆರಳಿನಷ್ಟು ಒಂದು ಪ್ಲಾಸ್ಟಿಕ್ ಕೀ ಇದೆ. ಅದಿಲ್ಲದೆ ಮಷೀನ್ ಅಲ್ಲಾಡುವುದಿಲ್ಲ. ಮೊದಮೊದಲು ಇದು ಸುಮ್ನೆ ಕಿರಿಕಿರಿ ಅನಿಸುತ್ತಿತ್ತು. ಪೆಟ್ರೋಲ್ ಮಷೀನ್ ಆಫ್ ಆದರೆ ಕಿವಿಗೇ ಗೊತ್ತಾಗುತ್ತಿತ್ತು. ಇಲ್ಲಿ ಲಿವರ್ ಬಿಟ್ಟ ಮೇಲೂ ಬ್ಯಾಟರಿ, ಕೀ ಎರಡೂ ಒಳಗಿದ್ದರೆ ಅದು ಮತ್ತೆ ಓಡಲು ತಯಾರಾಗಿಯೇ ನಿಂತಿರುತ್ತದೆ. ನೋಡಿದರೆ ಸತ್ತ ಹಾಗೆ, ನಿಜಕ್ಕೂ ಸತ್ತಿಲ್ಲ. ಈ ವ್ಯತ್ಯಾಸವನ್ನು ಕಣ್ಣಿಗೆ ಕಾಣಿಸುವುದು ಆ ಕೀ ಒಂದೇ. ಕೀ ನನ್ನ ಜೇಬಿನಲ್ಲಿದ್ದರೆ ಬ್ಲೇಡ್ ತಿರುಗುವುದಿಲ್ಲ, ಅಷ್ಟೇ. ಕೆಳಗೆ ಹುಲ್ಲು ಸಿಕ್ಕಿಕೊಂಡಿದ್ದರೂ, ಫೋನ್ ತೆಗೆದುಕೊಳ್ಳಲು ಒಳಗೆ ಹೋದರೂ ಕೀ ನನ್ನ ಜೊತೆಗೇ. ಲಿವರ್ ಬಿಟ್ಟ ಕೂಡಲೇ ಕೈ ಹಾಕಬಾರದು ಅನ್ನುವುದೂ ನೆನಪಿರಲಿ. ಅಮೆರಿಕದಲ್ಲಿ ತಳ್ಳಿಕೊಂಡು ಹೋಗುವ ಮೂವರ್‌ಗಳಿಗೆ 1982ರಿಂದ ನಿಯಮವೇ ಇದೆ: ಹ್ಯಾಂಡಲ್ ಬಿಟ್ಟ 3 ಸೆಕೆಂಡಿನೊಳಗೆ ಬ್ಲೇಡ್ ನಿಲ್ಲಬೇಕು. ಆದರೆ ಬೆರಳು ಹೋಗಲು ಆ 3 ಸೆಕೆಂಡೇ ಸಾಕಲ್ವಾ? ಲಿವರ್ ಹಿಡಿದೇ ಇದ್ದರೆ ಕೈ ನೋಯುತ್ತದೆ ಅಂತ ಕೆಲವರು ಅದಕ್ಕೆ ದಾರ ಸುತ್ತಿಡುತ್ತಾರೆ, ಆಮೇಲೆ ಕೈ ಬಿಟ್ಟರೂ ಬ್ಲೇಡ್ ನಿಲ್ಲುವುದಿಲ್ಲ. ಅಂಥವರ ಲಾನಿಗೆ ನಾನು ಕಾಲಿಡುವುದಿಲ್ಲ.

ಇಷ್ಟು ಮುಖ್ಯವಾದ ಈ ಕೀಗೆ ಕಂಪನಿಯವರು ಬಳಿದಿರುವುದು ಕಪ್ಪು ಬಣ್ಣ! ದಾರ ಪೋಣಿಸಲು ಒಂದು ತೂತೂ ಇಲ್ಲ. ಮಷೀನಿನಲ್ಲಿ ಅದನ್ನು ತೂಗು ಹಾಕಲು ಒಂದು ಕೊಕ್ಕೆಯೂ ಇಲ್ಲ. ದಟ್ಟ ಹುಲ್ಲಿನಲ್ಲಿ ಬಿದ್ದರೆ ಹುಡುಕುವುದು ಹೇಗೆ? ಕೀ ತೆಗೆದಿಡುವುದು ಕಷ್ಟವಾದಷ್ಟೂ ಜನ ಅದನ್ನು ಒಳಗೇ ಬಿಟ್ಟುಬಿಡುತ್ತಾರೆ. ಆಮೇಲೆ ಕೀ ಇದ್ದೂ ಇಲ್ಲದ ಹಾಗೇ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಇದನ್ನೇ ಹೇಳಿದೆ. "ಮ್ಯಾನುಯಲ್‌ನಲ್ಲಿ ಎಲ್ಲ ಇದೆ ಸಾರ್" ಅಂದರು. ಕೊನೆಗೆ ಕೆಂಪು ಟೇಪ್ ಸುತ್ತಿ, ಅದರಲ್ಲೇ ದಾರ ಸೇರಿಸಿ ಕುತ್ತಿಗೆಗೆ ಹಾಕಿಕೊಳ್ಳುತ್ತಿದ್ದೇನೆ. ಇಷ್ಟು ದುಡ್ಡು ಕೊಟ್ಟ ಮೇಲೆ ಈ ಕೆಲಸ ನನ್ನದಾಗಬಾರದಿತ್ತು.

ಆದರೂ ಕೆಲಸ ಮುಗಿದ ಮೇಲಿನ ಹತ್ತು ನಿಮಿಷ ನನಗೆ ಬಹಳ ಇಷ್ಟ. ಕೀ ಹೊರಗೆ, ಬ್ಯಾಟರಿ ಹೊರಗೆ. ಆಮೇಲೆ ಮಷೀನನ್ನು ಮಗ್ಗುಲಿಗೆ ಮಲಗಿಸುವುದು. ಪೆಟ್ರೋಲ್, ಆಯಿಲ್ ಇಲ್ಲದ್ದರಿಂದ ಯಾವ ಕಡೆಗೆ ಮಲಗಿಸಿದರೂ ಏನೂ ಸೋರುವುದಿಲ್ಲ. ದಪ್ಪ ಗ್ಲೌಸ್ ಹಾಕಿಕೊಂಡು, ಅಂಟಿದ ಹುಲ್ಲನ್ನು ಮರದ ಕಡ್ಡಿಯಿಂದ ಕೆರೆದು, ಬ್ರಷ್‌ನಿಂದ ಗುಡಿಸಿದರೆ ಸಾಕು. ಪೈಪ್ ಹಿಡಿದು ನೀರು ಬಿಡಬಾರದು, ಮೋಟರ್, ವೈರಿಂಗ್ ಎಲ್ಲ ಅಲ್ಲೇ ಇದೆ. ಬ್ಲೇಡಿನ ಅಂಚು ಮೊಂಡಾಗಿದೆಯಾ ಅಂತ ತಿಳಿಯಲು ಹುಲ್ಲಿನ ತುದಿ ನೋಡಿ. ಚೂಪಾದ ಬ್ಲೇಡ್ ನೀಟಾಗಿ ಕತ್ತರಿಸುತ್ತದೆ. ಮೊಂಡಾದದ್ದು ಹರಿಯುತ್ತದೆ, ಆ ತುದಿಗಳು ಆಮೇಲೆ ಕಂದುಬಣ್ಣಕ್ಕೆ ತಿರುಗುತ್ತವೆ. ಬ್ಯಾಟರಿಯೂ ಬೇಗ ಖಾಲಿ. ಬ್ಲೇಡ್ ಬಿಚ್ಚಿ ಅರ ಹಾಕಿದ ಮೇಲೆ, ನಡುವಿನ ತೂತನ್ನು ಮೊಳೆಗೆ ಸಿಕ್ಕಿಸಿ ನೋಡುತ್ತೇನೆ. ಒಂದು ಕಡೆ ವಾಲಿದರೆ ಆ ಕಡೆಗೇ ಇನ್ನೊಂದಿಷ್ಟು ಅರ. ಇಲ್ಲದಿದ್ದರೆ ಓಡುವಾಗ ಹ್ಯಾಂಡಲ್ ನಡುಗುತ್ತದೆ.

ನನ್ನ ಬಜೆಟ್ಟಿಗೆ ಎರಡನೇ ಬ್ಯಾಟರಿ ಆಗಲಿಲ್ಲ. ಒಂದು ಚಾರ್ಜಿಗೆ ಅರ್ಧ ಲಾನ್, ಉಳಿದದ್ದು ಮಾರನೇ ದಿನ. ಕೆಲಸ ಮುಗಿದಾಗ ಬ್ಯಾಟರಿ ಬಿಸಿಯಾಗಿರುತ್ತದೆ, ಆರಿದ ಮೇಲೇ ಚಾರ್ಜರಿಗೆ ಹಾಕುತ್ತೇನೆ. ತಿಂಗಳುಗಟ್ಟಲೆ ಬಳಸದಿದ್ದರೆ ಅರ್ಧ ಚಾರ್ಜಿನಲ್ಲಿ ತಂಪಾದ ಒಣ ಜಾಗದಲ್ಲಿ ಇಡುವುದು ಒಳ್ಳೆಯದು. ಉಬ್ಬಿದ, ಬಿರುಕು ಬಿಟ್ಟ ಬ್ಯಾಟರಿಯನ್ನು ಬಳಸಲೇಬೇಡಿ. ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸದಿದ್ದರೆ ಹುಲ್ಲಿಗೂ ಒಳ್ಳೆಯದು, ಚಾರ್ಜೂ ಉಳಿಯುತ್ತದೆ. ಒದ್ದೆ ಹುಲ್ಲಿಗೆ ನಾನು ಕೈ ಹಾಕುವುದಿಲ್ಲ. ಕಾಲು ಜಾರುತ್ತದೆ, ಬ್ಲೇಡಿನ ಸುತ್ತ ಹುಲ್ಲು ಮುದ್ದೆ ಕಟ್ಟುತ್ತದೆ. ಇಳಿಜಾರಿನಲ್ಲಿ ಅಡ್ಡಡ್ಡ ಹೋಗಬೇಕು, ಮೇಲೆ ಕೆಳಗೆ ಅಲ್ಲ.

ಸಣ್ಣ, ಮಧ್ಯಮ ಲಾನಿಗೆ ಇದನ್ನೇ ತಗೊಳ್ಳಿ ಅನ್ನುತ್ತೇನೆ. ದೊಡ್ಡ ಜಾಗವನ್ನು ಒಂದೇ ಸಲಕ್ಕೆ ಮುಗಿಸಬೇಕು ಅನ್ನುವವರು ಎರಡನೇ ಬ್ಯಾಟರಿಯ ದುಡ್ಡನ್ನೂ ಸೇರಿಸಿ ಲೆಕ್ಕ ಹಾಕಿ. ಅಂಗಡಿಯಲ್ಲಿ ಲಿವರನ್ನು ಒಂದೆರಡು ನಿಮಿಷ ಹಿಡಿದು ನೋಡಿ, ಸ್ಪ್ರಿಂಗ್ ಗಟ್ಟಿ ಇದ್ದರೆ ಸಣ್ಣ ಕೈಯವರಿಗೆ ಕಷ್ಟ. ಸ್ಪೇರ್ ಕೀ ಬಿಡಿಯಾಗಿ ಸಿಗುತ್ತದಾ ಅಂತಲೂ ಬಿಲ್ ಮಾಡಿಸುವ ಮೊದಲೇ ಕೇಳಿಬಿಡಿ.